ಚಹಾ ಬೇಡವೆಂದ ಸತ್ಯಾಗ್ರಹ

ನನಗೆ ಸಿಟ್ಟು ಬೇಗ. ಹುಬ್ಬಳ್ಳಿಯ ನಮ್ಮ ಬೆಂಗೇರಿಯಲ್ಲಿ ಯಾರನ್ನು ಕೇಳಿದರೂ ಇದನ್ನು ಹೇಳುತ್ತಾರೆ, ಕೇಳದಿದ್ದರೂ ಹೇಳುತ್ತಾರೆ. ನಾಗರತ್ನಾಳ ರೊಟ್ಟಿ ಕೇಂದ್ರದಲ್ಲಿ ಹಂಚಿಗಿಂತ ಮೊದಲು ನಾಗರತ್ನಾ ಕಾಯುತ್ತಾಳೆ ಎಂದು ನಮ್ಮ ಹೆಂಗಸರೇ ಗೇಲಿ ಮಾಡುತ್ತಾರೆ. ಮಾಡಲಿ. ಆದರೆ ಈ ರೇಡಿಯೋ ವಿಷಯದಲ್ಲಿ ನನ್ನ ಸಿಟ್ಟಿನಿಂದ ಮೂರು ಕಾಸಿನ ಪ್ರಯೋಜನವೂ ಆಗಲಿಲ್ಲ ಎಂದು ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ನಾವು ಗೆದ್ದದ್ದು ಬೇರೆ ದಾರಿಯಿಂದ.

ನಮ್ಮದೊಂದು ತಗಡಿನ ಶೆಡ್ಡು. ಹತ್ತು ಹನ್ನೆರಡು ಹೆಂಗಸರು ಸಾಲಾಗಿ ಕೂತು ಜೋಳದ ರೊಟ್ಟಿ ಬಡಿಯುತ್ತೇವೆ. ಹುಬ್ಬಳ್ಳಿಯ ಖಾನಾವಳಿಗಳಿಗೂ, ಧಾರವಾಡದಲ್ಲಿ ಪರೀಕ್ಷೆಗೆ ಓದುವ ಹುಡುಗ ಹುಡುಗಿಯರ ಮೆಸ್ಸುಗಳಿಗೂ ಇಲ್ಲಿಂದಲೇ ರೊಟ್ಟಿ ಹೋಗುತ್ತದೆ. ಎರಡೂ ಕೈ ಹಿಟ್ಟಿನಲ್ಲಿ, ಕಣ್ಣು ಹಂಚಿನ ಮೇಲೆ, ಬಿಡುವಾಗಿರುವುದು ಕಿವಿ ಒಂದೇ. ಆ ಕಿವಿಗೆಂದು ಮಧ್ಯಾಹ್ನ ಎರಡಕ್ಕೆ ಧಾರವಾಡದ ಸರ್ಕಾರಿ ರೇಡಿಯೋ ‘ಮಲಪ್ರಭಾ ಬಾನುಲಿ’ಯಿಂದ ‘ನಡುಹಗಲ ಮಾತು’ ಬರುತ್ತಿತ್ತು. ದ್ರಾಕ್ಷಾಯಿಣಿ ಎಂಬ ಹೆಣ್ಣುಮಗಳು ಅದನ್ನು ನಡೆಸುತ್ತಿದ್ದಳು. ನಮ್ಮ ಹಾಗೆಯೇ ಮಾತು, ನಮ್ಮ ಹಾಗೆಯೇ ನಗು. ಬಾಣಂತಿಗೆ ಏನು ಉಣಿಸಬೇಕು, ಸಾಲೆ ಬಿಟ್ಟಿದ್ದ ಹುಡುಗಿ ಮತ್ತೆ ಸಾಲೆಗೆ ಹೋದದ್ದು ಹೇಗೆ ಎಂಬಂಥ ಸುದ್ದಿ, ನಡುನಡುವೆ ಯಾವುದಾದರೂ ಊರಿನ ಹೆಂಗಸಿನ ಒಂದು ಹಾಡು.

ಆ ಹಾಡಿನ ಸರದಿ ಕಡೆಗೂ ನಮ್ಮ ಕರೀಮಾಬಿಗೆ ಬಂತು. ಕರೀಮಾಬಿ ಶೆಡ್ಡಿನಲ್ಲಿ ಎಲ್ಲರಿಗಿಂತ ಹಿರಿಯಳು. ತಾಯಿಯಿಂದ ಕಲಿತ ಬೀಸುವ ಪದಗಳು ಅವಳ ಬಾಯಲ್ಲಿ ರಾಶಿ ರಾಶಿ. ಬೀಸುಕಲ್ಲು ಮನೆಗಳಿಂದ ಹೋದರೂ ಅವಳ ಪದ ಹೋಗಲಿಲ್ಲ. ರೊಟ್ಟಿ ಬಡಿಯುತ್ತ ಅವಳೊಂದು ಸಾಲು ಎತ್ತಿದರೆ ನಾವೆಲ್ಲ ಅದನ್ನೇ ತಿರುಗಿ ಹೇಳುತ್ತಿದ್ದೆವು. ಅಷ್ಟರಲ್ಲಿ ಅವಳ ಗಂಟಲಲ್ಲಿ ಗಂಟು ಕಾಣಿಸಿತು. ಆಪರೇಶನ್ ಆಗಲೇಬೇಕು, ಆಮೇಲೆ ಪಿಸುಮಾತು ಉಳಿದೀತು, ಹಾಡು ಉಳಿಯಲಾರದು ಎಂದು ವಿದ್ಯಾನಗರದ ಡಾಕ್ಟರು ಹೇಳಿದರು. ಸುದ್ದಿ ತಿಳಿದ ದ್ರಾಕ್ಷಾಯಿಣಿ ಮರುದಿನವೇ ಅವಳನ್ನು ಧಾರವಾಡಕ್ಕೆ ಕರೆಸಿ, ಸ್ಟುಡಿಯೋದಲ್ಲಿ ಒಬ್ಬಳನ್ನೇ ಕೂರಿಸಿ ಹಾಡು ರೆಕಾರ್ಡ್ ಮಾಡಿಕೊಂಡಳು.

ಆಪರೇಶನ್ ಆಯಿತು. ಕರೀಮಾಬಿ ಬದುಕಿದಳು, ದನಿ ಹೋಯಿತು. ಕೊರಳಿಗೆ ಬಟ್ಟೆ ಸುತ್ತಿಕೊಂಡು ಮತ್ತೆ ಶೆಡ್ಡಿಗೆ ಬಂದು ಕೂತಳು. ನಾವು ಯಾರೂ ಪದ ಎತ್ತಲಿಲ್ಲ. ಎತ್ತುವ ಧೈರ್ಯ ಯಾರಿಗಿತ್ತು? ಸೋಮವಾರ ನಿನ್ನ ಹಾಡು ಬರುತ್ತದೆ ಎಂದು ಹೇಳುತ್ತ ದಿನ ದೂಡಿದೆವು.

ಸೋಮವಾರ ಎರಡಕ್ಕೆ ಬಂದದ್ದು ಬೆಂಗಳೂರಿನಿಂದ ‘ಯಶಸ್ಸಿನ ಸೂತ್ರ’. ಗೃಹಿಣಿಯರು ಮನಸ್ಸನ್ನು ಹಗುರ ಮಾಡಿಕೊಳ್ಳುವುದು ಹೇಗೆಂದು ಒಬ್ಬ ಗಂಡಸು ಪುಸ್ತಕದ ಕನ್ನಡದಲ್ಲಿ ಬೋಧಿಸಿದ. ಮಂಗಳವಾರವೂ ಅವನೇ. ಫೋನು ಮಾಡಿ ಕೇಳಿದರೆ ‘ನಡುಹಗಲ ಮಾತು’ ನಿಂತಿದೆ ಎಂಬ ಉತ್ತರ ಬಂತು. ಕೈಯಲ್ಲಿದ್ದ ರೊಟ್ಟಿಯನ್ನು ಹಂಚಿನ ಮೇಲೆ ಎಸೆದೆ, ಅದು ಒಲೆಯೊಳಗೆ ಬಿತ್ತು.

“ನಾಳೆ ಧಾರವಾಡಕ್ಕ ಹೋಗೋಣು,” ಎಂದೆ. “ಸಾಹೇಬನ್ನ ನಿಂದರಿಸಿ ಕೇಳೋಣು.”

ಹೋದೆವು. ಆದರೆ ನಮ್ಮ ಕಡೆಯ ಜನಕ್ಕೆ ಒಂದು ರೋಗವಿದೆ. ಯಾರ ಬಾಗಿಲಿಗೂ ಬರಿಗೈಯಲ್ಲಿ ಹೋಗಲಾರೆವು, ಅದು ಜಗಳಕ್ಕಾದರೂ ಸರಿ. ನನ್ನ ಪಕ್ಕ ಕೂತು ರೊಟ್ಟಿ ಬಡಿಯುವ ಶರಣವ್ವ ಬುಟ್ಟಿ ತುಂಬ ಗರಿಗರಿ ಕಟಿ ರೊಟ್ಟಿ, ಶೇಂಗಾ ಚಟ್ನಿ, ಎಣ್ಣೆಗಾಯಿ ಕಟ್ಟಿಕೊಂಡು ಬಂದಿದ್ದಳು. ಕೇಂದ್ರದ ಮುಖ್ಯಸ್ಥ ಗುರುಪಾದ ನವಲಗುಂದದ ಕಡೆಯವರು, ಹತ್ತಿ ವ್ಯಾಪಾರದ ಮನೆತನ, ಬಾಯಿ ತುಂಬ ಅವ್ವಾ ಎನ್ನುವ ಮನುಷ್ಯ. ಬುಟ್ಟಿ ಬಿಚ್ಚಿದ್ದೇ ತಡ, ಆಫೀಸಿಗೆ ಆಫೀಸೇ ಬಂದು ಕೂತಿತು. ನಾವು ಬಡಿಸಿದೆವು, ಅವರು ಉಂಡರು, ಅವರು ಚಹಾ ತರಿಸಿದರು, ನಾವು ಕುಡಿದೆವು. ಜಗಳದ ಮಾತು ಎತ್ತುವಷ್ಟರಲ್ಲಿ ಎಲ್ಲರೂ ಬೀಗರಾಗಿಬಿಟ್ಟಿದ್ದೆವು.

“ಮ್ಯಾಲಿನವರ ಆದೇಶ ಐತ್ರಿ, ನನ್ನ ಕೈಯಾಗ ಏನಿಲ್ಲ,” ಎಂದರು ಗುರುಪಾದ. “ಈಗ ಎಲ್ಲಾರೂ ಮೊಬೈಲಿನ್ಯಾಗ ಬೇಕಾದಾಗ ಬೇಕಾದ್ದು ಕೇಳ್ತಾರ. ಕರೀಮಾಬಿ ಅವರ ಹಾಡು ಬೇಕಂದ್ರ ಅವರ ಮೊಬೈಲಿಗೆ ಕಳಿಸಿಕೊಡ್ತೇವಿ, ಆತಲ್ಲ?”

ಕರೀಮಾಬಿ ಮುಂದೆ ಬಾಗಿದಳು. ಅವಳ ಪಿಸುಮಾತು ಕೇಳಲು ಸಾಹೇಬರೂ ಬಾಗಬೇಕಾಯಿತು.

“ನಾ ಒಬ್ಬಾಕೀನ ಕೇಳಾಕ ಹಾಡಿಲ್ರಿ ಸಾಹೇಬ್ರ,” ಎಂದಳು.

ಅವರು ತಲೆಯಾಡಿಸಿದರು, ಅಷ್ಟೇ. ಹೊರಡುವಾಗ ಎಲ್ಲರೂ ನಿಂತು ಒಂದು ಫೋಟೋ ಎಂದರು, ನಿಂತೆವು. ಮರುದಿನ ಆ ಫೋಟೋ ಬಾನುಲಿಯ ಫೇಸ್‌ಬುಕ್ಕಿನಲ್ಲಿ ಬಂತು. ಕೆಳಗೆ ಹೀಗಿತ್ತು: ‘ಯಶಸ್ಸಿನ ಸೂತ್ರ ಕಾರ್ಯಕ್ರಮ ಮೆಚ್ಚಿ ರೊಟ್ಟಿ ತಂದ ಬೆಂಗೇರಿ ಸೋದರಿಯರು.’

ಓಣಿಯಲ್ಲಿ ತಲೆಯೆತ್ತದಂತಾಯಿತು. ನಾನು ಕೂಗಾಡಿದೆ. ಕಲ್ಲು ಹೊಡೆಯುತ್ತೇನೆ, ಬೀಗ ಜಡಿಯುತ್ತೇನೆ ಎಂದೆಲ್ಲ ಹಾರಾಡಿದೆ. ಶರಣವ್ವ ಎಲ್ಲವನ್ನೂ ಕೇಳಿಸಿಕೊಂಡು, ಹಿಟ್ಟು ಕಲಸುತ್ತಲೇ ಹೇಳಿದಳು: “ಉಂಡ ಮನಿಗೆ ಎರಡು ಬಗೀಬಾರ್ದು ನಾಗರತ್ನಾ. ಅವರ ಚಹಾ ಕುಡದ ಮ್ಯಾಲೆ ಎಲ್ಲಿ ಜಗಳಾ ಮಾಡ್ತೀ? ಈ ಸಲ ಬರಿಗೈಲೆ ಹೋಗೋಣು. ಹೋಗಿ ಅವರ ಹನಿ ನೀರೂ ಮುಟ್ಟೂದು ಬ್ಯಾಡ.”

ನಮ್ಮ ಕಡೆ ಬಾಗಿಲಿಗೆ ಬಂದವರಿಗೆ ಮೊದಲು ನೀರು, ಬೆಲ್ಲ. ಶತ್ರುವಾದರೂ ಕೊಡಬೇಕು, ಶತ್ರುವಾದರೂ ಒಂದು ಗುಟುಕು ಕುಡಿಯಬೇಕು. ಒಬ್ಬರ ಮನೆಯ ನೀರನ್ನು ಒಲ್ಲೆ ಎಂದರೆ ಆ ಮನೆಗೆ ಅದಕ್ಕಿಂತ ದೊಡ್ಡ ಅಪಮಾನವಿಲ್ಲ. ಬೈದರೆ ಮರೆಯುತ್ತಾರೆ, ಇದನ್ನು ಮೊಮ್ಮಕ್ಕಳ ಕಾಲಕ್ಕೂ ಮರೆಯುವುದಿಲ್ಲ. ಶರಣವ್ವನಂಥ ಮೆತ್ತನೆಯ ಹೆಂಗಸಿನ ತಲೆಯಲ್ಲಿ ಇಂಥ ಖಾರ ಇದ್ದೀತೆಂದು ನಾನು ಎಣಿಸಿರಲಿಲ್ಲ.

ಬೆಳಿಗ್ಗೆ ಬೇಗ ರೊಟ್ಟಿ ಮುಗಿಸಿ, ಕರೀಮಾಬಿಯ ತಂಗಿಯ ಮಗ ಜಾಕೀರನ ಆಟೋದಲ್ಲೂ ಬಸ್ಸಿನಲ್ಲೂ ಹೋಗಿ ಬಾನುಲಿಯ ವರಾಂಡದಲ್ಲಿ ಕೂತೆವು. ನಮ್ಮ ಬುತ್ತಿ, ನೀರಿನ ಬಾಟಲಿ ನಮ್ಮ ಹತ್ತಿರ. ಜವಾನ ತಂಬಿಗೆಯಲ್ಲಿ ನೀರು, ತಟ್ಟೆಯಲ್ಲಿ ಬೆಲ್ಲ ತಂದ. ಒಲ್ಲೆವೆಂದೆವು. ಚಹಾ ತಂದ. ಒಲ್ಲೆವೆಂದೆವು. ಅವನ ಮುಖ ಸಣ್ಣದಾಯಿತು. ಸ್ವಲ್ಪ ಹೊತ್ತಿಗೆ ಗುರುಪಾದರೇ ತಂಬಿಗೆ ಹಿಡಿದು ಬಂದರು.

“ಯಾಕ್ರವ್ವಾ, ನಮ್ಮ ನೀರು ಮುಟ್ಟಬಾರದಂಥಾದ್ದು ನಾವೇನು ಮಾಡೇವಿ?”

“ಬಾನುಲಿ ಮ್ಯಾಲೆ ನಮ್ಮ ಮಾತು ನೀವು ಒಲ್ಲೆ ಅಂದ್ರಿ,” ಎಂದಳು ಶರಣವ್ವ. “ನಿಮ್ಮ ನೀರು ನಾವು ಒಲ್ಲೆ ಅಂತೇವಿ. ಸಿಟ್ಟಿಲ್ರಿ.”

ಸಿಟ್ಟು ನನಗಿತ್ತು. ಆದರೆ ಬಾಯಿ ಮುಚ್ಚಿಕೊಂಡಿದ್ದೆ. ಅಷ್ಟು ಕಷ್ಟದ ಕೆಲಸವನ್ನು ನನ್ನ ಜನ್ಮದಲ್ಲಿ ಮಾಡಿಲ್ಲ.

ಬಾಗಿಲು ತೆರೆದೇ ಇತ್ತು, ಅವರು ಬೆಂಗಳೂರಿಗೆ ಫೋನು ಮಾಡಿದ್ದು ನಮಗೆಲ್ಲ ಕೇಳಿಸಿತು. ಇಲ್ಲ ಸರ್, ಘೋಷಣೆ ಕೂಗುತ್ತಿಲ್ಲ. ಇಲ್ಲ ಸರ್, ಉಪವಾಸವೂ ಅಲ್ಲ, ತಮ್ಮ ಬುತ್ತಿ ತಾವು ಉಣ್ಣುತ್ತಿದ್ದಾರೆ. ನಮ್ಮ ಚಹಾ ಕುಡಿಯುತ್ತಿಲ್ಲ ಸರ್. ಹೌದು ಸರ್, ಅಷ್ಟೇ. ಆ ಕಡೆಯವರು ನಕ್ಕಿರಬೇಕು. ಗುರುಪಾದರ ದನಿ ಬಿಗಿಯಿತು. “ನಿಮಗ ಇದು ತಿಳಿಯೂದಿಲ್ರಿ ಸರ್,” ಎಂದು ಪುಸ್ತಕದ ಕನ್ನಡ ಬಿಟ್ಟು ನಮ್ಮ ಕನ್ನಡಕ್ಕೆ ಇಳಿದು ಫೋನು ಇಟ್ಟರು.

ಮರುದಿನವೂ ಹೋದೆವು. ಜಾಕೀರ ಸ್ಟ್ಯಾಂಡಿನಲ್ಲಿ ಸುದ್ದಿ ಹಬ್ಬಿಸಿದ್ದ, ಆಟೋದವರು ಬಂದು ಕೂತರು. ನಮ್ಮ ರೊಟ್ಟಿ ಉಣ್ಣುವ ಓದುವ ಹುಡುಗಿಯರು ಪುಸ್ತಕ ಹಿಡಿದೇ ಬಂದು ಕೂತರು. ಗೋವಿನಜೋಳದ ಬಗ್ಗೆ ರೇಡಿಯೋದಲ್ಲಿ ಮಾತಾಡಲು ಬಂದಿದ್ದ ಒಬ್ಬ ರೈತ, ವಿಷಯ ಏನೆಂದು ಕೇಳಿ, ತುಟಿಯವರೆಗೆ ತಂದ ಕಪ್ಪನ್ನು ಕೆಳಗಿಟ್ಟು ನಮ್ಮ ಪಕ್ಕ ಕೂತ. ದ್ರಾಕ್ಷಾಯಿಣಿ ಒಳಗಿನಿಂದ ಬಂದು ಹೋಗುತ್ತಿದ್ದಳು, ನಮ್ಮನ್ನು ನೋಡುತ್ತಿರಲಿಲ್ಲ, ಕಣ್ಣು ಮಾತ್ರ ಕೆಂಪಾಗಿದ್ದವು. ವರಾಂಡ ತುಂಬಿತು, ಬೇವಿನ ಮರದ ಕೆಳಗೂ ತುಂಬಿತು. ಚಹಾದ ದೊಡ್ಡ ಕೆಟಲಿ ತುಂಬಿದ್ದು ತುಂಬಿದಂತೆಯೇ ಒಳಗೆ ಹೋಯಿತು. ಪೇಪರಿನವರು ಬಂದರು. ಅವರೂ ಚಹಾ ಒಲ್ಲೆ ಎಂದರು, ಅದು ಅವರ ಚರಿತ್ರೆಯಲ್ಲೇ ಮೊದಲಿರಬೇಕು.

ಮೂರನೆಯ ದಿನ ಬೆಳಿಗ್ಗೆ ಗುರುಪಾದರು ನಮಗಿಂತ ಮೊದಲೇ ವರಾಂಡಕ್ಕೆ ಬಂದು ನಿಂತಿದ್ದರು. ಮುಖ ಬಾಡಿತ್ತು.

“ಇವತ್ತಿನ ಪೇಪರ್ ನಮ್ಮವ್ವ ಓದಿಸಿ ಕೇಳ್ಯಾಳ,” ಎಂದರು. “ಹೆಣ್ಣಮಕ್ಕಳು ನಿನ್ನ ಬಾಗಲದಾಗ ನೀರು ಮುಟ್ಟದ ಕುಂತಾರ, ಅವರು ಕುಡಿಯೂತನಾ ನೀನೂ ನನ್ನ ಮನ್ಯಾಗ ಚಹಾ ಕೇಳಬ್ಯಾಡ ಅಂದ್ಲು. ಮುಂಜಾನಿಂದ ನನಗ ಚಹಾ ಇಲ್ಲ.”

ನಗು ಬಂತು. ಆದರೆ ಪಾಪ ಎನಿಸಿತು ಕೂಡ. ಅವರು ಕಟ್ಟೆಯ ಮೇಲೆ ನಮ್ಮ ಸಮನಾಗಿ ಕೂತು, ನೆಲ ನೋಡುತ್ತ ಮಾತಾಡಿದರು. ಬೆಂಗಳೂರಿನ ಕಾರ್ಯಕ್ರಮ ಬಿಟ್ಟು ಸ್ಥಳೀಯ ಕಾರ್ಯಕ್ರಮ ಹಾಕುವ ಅಧಿಕಾರ ಕೇಂದ್ರದ ಮುಖ್ಯಸ್ಥನಿಗೆ ಮೊದಲಿನಿಂದಲೂ ಇದೆಯಂತೆ. ಮೇಲಿನವರು ಮುನಿದಾರೆಂಬ ಅಂಜಿಕೆಯಿಂದ ತಾವು ಅದನ್ನು ಬಳಸಿರಲಿಲ್ಲವಂತೆ.

“ಮುನಿದ್ರ ಮುನೀಲಿ,” ಎಂದು ಎದ್ದರು. “ಸೋಮವಾರ ಎರಡಕ್ಕ ‘ನಡುಹಗಲ ಮಾತು’ ಬರ್ತೈತಿ. ಒಂದು ದಿನಕ್ಕಲ್ಲ, ಕಾಯಂ. ದ್ರಾಕ್ಷಾಯಿಣಿನ ನಡಸ್ತಾಳ. ಕರೀಮಾಬಿ ಅವರ ಹಾಡಿನಿಂದನ ಸುರು.”

ಅಂದು ಆ ವರಾಂಡದಲ್ಲಿ ಎಷ್ಟು ಕೆಟಲಿ ಚಹಾ ಖಾಲಿಯಾಯಿತೋ ದೇವರೇ ಬಲ್ಲ. ಮೊದಲ ಕಪ್ಪನ್ನು ಶರಣವ್ವ ಗುರುಪಾದರ ಕೈಗೇ ಕೊಟ್ಟಳು. ಕುಡಿದು ಅವ್ವನಿಗೆ ಫೋನು ಮಾಡ್ರಿ ಎಂದಳು.

ಸೋಮವಾರ ನಮ್ಮ ಓಣಿ ಹಬ್ಬದ ಹಾಗಿತ್ತು. ಹಳೆಯ ರೇಡಿಯೋಗಳು ಅಟ್ಟದಿಂದ ಇಳಿದಿದ್ದವು. ಆಟೋಗಳು ಶೆಡ್ಡಿನ ಮುಂದೆ ಸಾಲಾಗಿ ನಿಂತು ಎಲ್ಲವೂ ಒಂದೇ ಸ್ಟೇಷನ್ ಹಚ್ಚಿದ್ದವು. ಎರಡು ಹೊಡೆಯಿತು. ದ್ರಾಕ್ಷಾಯಿಣಿ ಹೆಚ್ಚು ಮಾತಾಡಲಿಲ್ಲ. ನಾಲ್ಕು ಮಾತು ಹೇಳಿ, ಬೆಂಗೇರಿಯ ಕರೀಮಾಬಿ ಹಾಡುತ್ತಾರೆ ಎಂದಳು. ಆಮೇಲೆ ಆ ದನಿ. ಗಂಟಲು ಕೊಯ್ಯುವ ಮೊದಲಿನ ಅದೇ ದನಿ, ತುಂಬಿದ ಕೊಡದಂಥದು.

‘ಕರಿಯ ನೆಲದವ್ವ ಬಿಳಿಜೋಳ ಹೆತ್ತಾಳ...’

ಅಲ್ಲಿಗೆ ನಿಂತಿತು. ರೇಡಿಯೋ ಸುಮ್ಮನಾಯಿತು. ಶೆಡ್ಡಿನದು, ಪಕ್ಕದ ಮನೆಯದು, ಆಟೋಗಳದು, ಎಲ್ಲವೂ ಒಮ್ಮೆಲೇ ಸುಮ್ಮನಾದವು. ನನ್ನ ತಲೆ ಕೆಟ್ಟಿತು. ಮತ್ತೆ ಮೋಸ ಮಾಡಿದರು ಎಂದು ಹಾರಿ ಎದ್ದೆ, ಬೈಗುಳ ಬಾಯಿತನಕ ಬಂದಿತ್ತು. ಕರೀಮಾಬಿ ಹಿಟ್ಟಿನ ಕೈಯಿಂದಲೇ ನನ್ನ ಸೆರಗು ಜಗ್ಗಿದಳು.

“ಅದು ನಿಮ್ಮ ಸಾಲು,” ಎಂದು ಪಿಸುಗುಟ್ಟಿದಳು. “ನಿಮಗಂತ ಜಾಗಾ ಬಿಟ್ಟು ಹಾಡೇನಿ. ಹೇಳ್ರಿ.”

ಸ್ಟುಡಿಯೋದಲ್ಲಿ ಒಬ್ಬಳೇ ಕೂತವಳು ಒಂದೊಂದು ಸಾಲಿಗೂ ನಮಗಾಗಿ ಕಾದಿದ್ದಳು. ದ್ರಾಕ್ಷಾಯಿಣಿ ಆ ಬಿಡುವನ್ನು ಕತ್ತರಿಸಿರಲಿಲ್ಲ. ನನಗೆ ಅಳು ಉಕ್ಕಿ ಬಂತು, ಅಳುತ್ತಲೇ ಎಳೆದೆ: ‘ಕರಿಯ ನೆಲದವ್ವ...’ ಶರಣವ್ವ ಕೂಡಿದಳು, ಶೆಡ್ಡಿಗೆ ಶೆಡ್ಡೇ ಕೂಡಿತು. ರೇಡಿಯೋದಲ್ಲಿ ಅವಳು ಎರಡನೆಯ ಸಾಲು ಎತ್ತಿದಳು: ‘ನೆರೆಹೊರೆಗೆಲ್ಲ ಹಂಚ್ಯಾಳ, ನಮ್ಮವ್ವ...’ ಈ ಸಲ ಓಣಿಯ ಬಾಗಿಲು ಬಾಗಿಲುಗಳಿಂದ ದನಿ ಬಂತು, ಆಟೋದವರ ಒಡಕು ದನಿಯೂ ಅದರಲ್ಲಿತ್ತು. ‘ತನಗೊಂದು ತುತ್ತು ಉಳಿಸಲಿಲ್ಲ’ ಎಂಬ ಮೂರನೆಯ ಸಾಲನ್ನು ಅವಳು ಎತ್ತುವವರೆಗೆ ನಾವು ಕಾಯಲೂ ಇಲ್ಲ.

ಕರೀಮಾಬಿ ರೊಟ್ಟಿ ಬಡಿಯುವುದನ್ನು ನಿಲ್ಲಿಸಲಿಲ್ಲ. ಕೊರಳ ಬಟ್ಟೆ ಸರಿಮಾಡಿಕೊಂಡು, ತನ್ನ ಹಾಡಿನ ಲಯಕ್ಕೇ ಬಡಿಯುತ್ತಿದ್ದಳು, ಮುಖದ ತುಂಬ ನಗು. ಅಂದು ಅರ್ಧ ಗಂಟೆ ಅವಳು ಎತ್ತಿದಳು, ನಾವು ಹೇಳಿದೆವು.