ದಿನಕ್ಕೆ ಐದು ನಿಮಿಷ

ಗೌತಮ್ ತೀರಿಕೊಂಡ ಮೇಲೆ ಅವನ ಬೈಕನ್ನು ಅಪ್ಪ ಧರ್ಮಪ್ಪ ಎಂಟು ತಿಂಗಳು ದಿನವೂ ಬೆಳಿಗ್ಗೆ ಆರಕ್ಕೆ ಸ್ಟಾರ್ಟ್ ಮಾಡಿದರು. ಸರಿಯಾಗಿ ಐದು ನಿಮಿಷ. ಜೋಗದ ಪವರ್‌ಹೌಸಿನಲ್ಲಿ ಮೂವತ್ತೆರಡು ವರ್ಷ ದುಡಿದವರು. ಯಂತ್ರ ಸುಮ್ಮನೆ ನಿಂತರೆ ಅವರಿಗೆ ಊಟ ಸೇರುತ್ತಿರಲಿಲ್ಲ.

ಗೌತಮ್ ಹೋದದ್ದು ಜ್ವರದಲ್ಲಿ. ಸಾಗರದ ನೆಂಟರ ಬಾಯಲ್ಲಿ ಮಾತ್ರ ಬೈಕೇ ಅವನನ್ನು ತಿಂದಿತ್ತು. ಕೊನೆಗೆ ಅವನ ತಾಯಿ ಕನ್ನಮ್ಮನೂ ಅದು ಅಂಗಳದಲ್ಲಿ ಬೇಡ ಎಂದರು.

ಆರುನೂರೈವತ್ತು ಸಿಸಿ, ಎರಡು ಸಿಲಿಂಡರು. ಆ ಅಳತೆಯಲ್ಲಿ ಅದೇ ಅಗ್ಗದ್ದು. ವಾರವೆಲ್ಲ ಕೆಲಸಕ್ಕೆ, ಭಾನುವಾರ ನಿಟ್ಟೂರಿನ ತಿರುವುಗಳಿಗೆ. ಆ ತಿರುವುಗಳಲ್ಲೇ ಗೌತಮ್ ಹಿಂದೆ ಕೂತು ಹೆಂಡತಿ ಸ್ವಾತಿಗೆ ಓಡಿಸುವುದನ್ನು ಕಲಿಸಿದ್ದ. ಗಾಡಿ ಈಗ ಅವಳ ಹೆಸರಿಗಿತ್ತು. ಆದರೂ ಅದನ್ನು ಮಾರುವುದೆಂದು ನಿಶ್ಚಯಿಸುವ ಮೊದಲು ಅವಳನ್ನು ಯಾರೂ ಕೇಳಲಿಲ್ಲ.

ಶನಿವಾರ ಗಾಡಿ ಕೊಳ್ಳಲು ಕೋಣಂದೂರಿನ ಕಿರಣ್ ಬಸ್ಸಿನಲ್ಲಿ ಬಂದ, ವಾಪಸು ಓಡಿಸಿಕೊಂಡೇ ಹೋಗುವ ಅಂದಾಜಿನಲ್ಲಿ, ಕೈಯಲ್ಲಿ ಹೆಲ್ಮೆಟ್ ಹಿಡಿದು. ಗುಂಡಿ ಒತ್ತಿದ. ಟಿಕ್ ಎಂದಿತು, ಅಷ್ಟೇ.

"ಎಂಜಿನ್ ಹೋಗಿದೆ ಕಾಣ್ತದೆ. ರೇಟಲ್ಲಿ ಸ್ವಲ್ಪ ನೋಡಿ ಯಜಮಾನ್ರೇ."

"ಎಂತ ಮಾತಾಡ್ತೀಯ ಮಾರಾಯ? ದಿನಾ ಸ್ಟಾರ್ಟ್ ಮಾಡಿದೀನಿ ನಾನು," ಎಂದರು ಧರ್ಮಪ್ಪ.

"ಅದಕ್ಕೇ ಮಾವ," ಎಂದಳು ಸ್ವಾತಿ. "ಸ್ಟಾರ್ಟ್ ಮಾಡೋಕೆ ಖರ್ಚಾಗಿದ್ದು ಐದು ನಿಮಿಷಕ್ಕೆ ಬ್ಯಾಟರಿಗೆ ವಾಪಸ್ ಬರಲ್ಲ. ರೋಡಲ್ಲಿ ಓಡ್ಬೇಕು."

ಕನ್ನಮ್ಮ ಗಂಡನನ್ನು ನೋಡಿದರು. "ಊರಿಗೆಲ್ಲ ಕರೆಂಟು ಕೊಟ್ರಿ. ಮನೆ ಗಾಡೀದು ಖಾಲಿ ಮಾಡ್ಕಂಡು ಕೂತ್ರಿ!"

ಸ್ವಾತಿ ಒಳಗೆ ಹೋಗಿ ತನ್ನ ಹೆಲ್ಮೆಟ್ ಹಾಕಿಕೊಂಡು ಬಂದಳು. ಬೈಕೇರಿ ಎರಡನೇ ಗೇರಿಗೆ ಹಾಕಿ, ಕ್ಲಚ್ ಹಿಡಿದು ಕಿರಣನಿಗೆ ಹೇಳಿದಳು: "ತಳ್ಳಿ."

"ವರ್ಷ ತುಂಬಿಲ್ಲ ಕಣೇ! ಊರೋರು ಏನಂತಾರೆ?" ಕನ್ನಮ್ಮನ ದನಿ ಏರಿತು.

"ಜ್ವರಕ್ಕೆ ಬೈಕೇ ಕಾರಣ ಅಂದೋರು ಅವ್ರು. ಏನು ಬೇಕಾದ್ರೂ ಅನ್ಲಿ ಅತ್ತೆ."

ಕಿರಣ್ ತಳ್ಳಿದ. ಇಳಿಜಾರಿನಲ್ಲಿ ಕ್ಲಚ್ ಬಿಟ್ಟಳು. ಗಾಡಿ ಒಮ್ಮೆ ಜಗ್ಗಿ, ಗುಡುಗಿ ಎದ್ದಿತು.

"ಅರ್ಧ ಗಂಟೆ ಓಡ್ಸಿ ಬಾ!" ಎಂದು ಧರ್ಮಪ್ಪ ಕೂಗಿದರು.

ಅರ್ಧ ಗಂಟೆಯಾದಾಗ ತಿರುಗಿಸಲು ಅಗಲವಾದ ಜಾಗ ಸಿಕ್ಕಿತು. ಅವಳು ತಿರುಗಿಸಲಿಲ್ಲ. ಎಂಟು ತಿಂಗಳಲ್ಲಿ ಮೊದಲ ಸಲ ಅಂಗೈಗೆ ಎಂಜಿನ್ನಿನ ಕಂಪನ ತಾಗುತ್ತಿತ್ತು.

ಹೊಸನಗರದಲ್ಲಿ ನಿಲ್ಲಿಸಿ ಎಂಜಿನ್ ಆರಿಸಿದಾಗ ಫೋನ್ ಬಡಿದುಕೊಳ್ಳುತ್ತಿತ್ತು.

"ಎಲ್ಲಿದೀಯ? ಕಿರಣ್ ಪೇಪರ್ ಹಿಡ್ಕಂಡು ಕೂತಿದಾನೆ."

"ಹೊಸನಗರದಲ್ಲಿ. ಅವ್ರಿಗೆ ಊಟ ಹಾಕಿ ಬಸ್ಸು ಹತ್ತಿಸಿ ಮಾವ. ನಾನು ರುಜು ಹಾಕಲ್ಲ. ಗಾಡಿ ನಂದು."

ಧರ್ಮಪ್ಪನವರ ಹಿಂದೆ ಕನ್ನಮ್ಮ ಬೈಯುವುದು ಕೇಳುತ್ತಿತ್ತು.

"ಇದು ಸರಿ ಅಲ್ಲ ಸ್ವಾತಿ."

"ಇರ್ಬಹುದು."

"...ಆಫ್ ಮಾಡಿದ್ಯಲ್ಲ, ಮತ್ತೆ ಹತ್ತುತ್ತಾ ನೋಡು."

ಗುಂಡಿ ಒತ್ತಿದಳು. ಒಂದೇ ಸಲಕ್ಕೆ ಹತ್ತಿತು. ಅವರಿಗೂ ಕೇಳಿರಬೇಕು.

"ತಿರುಗಿಸ್ಕಂಡು ಬಾ, ಹಾಗಾದ್ರೆ."

"ತೀರ್ಥಹಳ್ಳಿಗೆ ಹೋಗಿ ಬರ್ತೀನಿ ಮಾವ," ಎಂದು ಫೋನ್ ಜೇಬಿಗೆ ಹಾಕಿ ಗೇರು ಹಾಕಿದಳು.