ಎಡಮಂಡಿಗೆ ಒಲಿದ ಸ್ವರ

ಕುಶನ್ ಅಂಗಡಿಯ ಅಕ್ಕನನ್ನು ಬೀದಿಯ ತುದಿಯಿಂದಲೇ ಗುರುತಿಸಬಹುದಿತ್ತು. ರೆಕ್ಸಿನ್ ಸುರುಳಿಗಳನ್ನು ಹೆಗಲ ಮೇಲೆ ಹೊತ್ತು ಓಡಾಡಿ ರೂಢಿಯಾದ ಆಕೆ ಬರಿಗೈಯಲ್ಲಿದ್ದಾಗಲೂ ಪ್ರತಿಯೊಂದು ಬಾಗಿಲನ್ನು ಪಕ್ಕಕ್ಕೆ ತಿರುಗಿಯೇ ದಾಟುತ್ತಿದ್ದಳು. ಆ ತಿರುವಿನಲ್ಲೂ ಒಂದು ಅವಸರ, ಒಳಗೆ ಏನೋ ಸಂಭ್ರಮ ಆಗಲೇ ಶುರುವಾಗಿಬಿಟ್ಟಿದೆ, ತಾನೊಬ್ಬಳೇ ತಡವಾದೆ ಎಂಬಂಥ ಅವಸರ. ಸೀಮೆಸುಣ್ಣದ ಧೂಳು ಹಿಡಿದ ನೀಲಿ ಕೋಟಿನ ಕಾಲರಿನುದ್ದಕ್ಕೂ ಗುಂಡುಸೂಜಿಗಳು. ಪ್ರೀತಿಯಿಂದ ಅಪ್ಪಿಕೊಳ್ಳಲು ಬಂದವರೆಲ್ಲ ಒಮ್ಮೆಯಾದರೂ ಚುಚ್ಚಿಸಿಕೊಂಡವರೇ. ನೋಡುವಂಥದ್ದು ಇರಲಿ ಬಿಡಲಿ, ಮಾತಿಗೆ ಮೊದಲು ಬರುತ್ತಿದ್ದುದು "ನೋಡಿದ್ರಾ!" ಎಂಬ ಉದ್ಗಾರ.

ಸೋಫಾಗಳಿಗೂ ವಾಹನಗಳ ಸೀಟುಗಳಿಗೂ ಹೊದಿಕೆ ಹೊಲಿಯುತ್ತಿದ್ದ ಈಕೆಗೆ ಸಂಗೀತದ ಗಂಧವಿರಲಿಲ್ಲ. ಒಂದು ಮಧ್ಯಾಹ್ನ, ಸಂಜೆಗಳಲ್ಲಿ ಜೋಡಿಗಳು ಕುಣಿಯಲು ಬರುವ ನೃತ್ಯಶಾಲೆಯ ವಾದ್ಯವೃಂದದವರ ಪೀಠವೊಂದು ಹರಿದಿದೆಯೆಂದು ಅಳತೆ ತೆಗೆಯಲು ಹೋದಾಗ, ಹಿರಿಯ ವಾದಕರು ಸ್ಟೀಲ್ ಗಿಟಾರಿನ ಮುಂದೆ ಕುಳಿತಿದ್ದರು. ನಾಲ್ಕು ಕಾಲಿನ ಕಿರಿದಾದ ಮೇಜಿನಂಥ ವಾದ್ಯ; ಮೇಲೆ ತಂತಿಗಳು, ಕೆಳಗೆ ಪಾದಕ್ಕೆ ಪೆಡಲುಗಳು, ಮಂಡಿಗಳ ಅಕ್ಕಪಕ್ಕದಲ್ಲಿ ಇಳಿಬಿದ್ದ ಲೋಹದ ಲಿವರುಗಳು. ಎಡಗೈಯ ಉಕ್ಕಿನ ತುಂಡು ತಂತಿಗಳ ಮೇಲೆ ನಿಶ್ಚಲವಾಗಿದ್ದರೂ, ಮಂಡಿ ಒಂದಿಷ್ಟು ಸರಿದೊಡನೆ, ಒಟ್ಟಿಗೆ ಮೀಟಿದ ಸ್ವರಗಳಲ್ಲಿ ಒಂದು ಮಾತ್ರ ತನ್ನ ಸಂಗಾತಿಗಳ ಕೈಬಿಟ್ಟು ಮೇಲೇರುತ್ತಿತ್ತು. ಇಡೀ ನಾದದ ಮುಖಭಾವವೇ ಬದಲಾಗುತ್ತಿತ್ತು. ಪೀಠದ ಎತ್ತರ ಅಳೆಯಲು ಬಗ್ಗಿದ್ದ ಅಕ್ಕ ಅಳತೆಪಟ್ಟಿಯನ್ನು ಅಲ್ಲಿಯೇ ಬಿಟ್ಟಳು.

"ಮೇಷ್ಟ್ರೇ, ಇದು ನನ್ನ ಮಿಷನ್ನೇ! ನಾನೂ ಮಂಡಿಯಿಂದ ದುಡಿಯೋಳೇ!"

ಸುಳ್ಳಲ್ಲ. ದಪ್ಪ ಚರ್ಮ ಹೊಲಿಯುವ ಯಂತ್ರದ ಕೆಳಗೂ ಬಲಮಂಡಿಗೊಂದು ಲಿವರಿರುತ್ತದೆ. ಅದನ್ನು ನೂಕಿದರೆ ಬಟ್ಟೆಯನ್ನು ಒತ್ತಿಹಿಡಿದ ಲೋಹದ ಪಾದ ಮೇಲೇಳುತ್ತದೆ, ಎರಡೂ ಕೈಗಳು ಬಿಡುವಾಗಿ ಬಟ್ಟೆಯನ್ನು ತಿರುಗಿಸುತ್ತವೆ. ಮೇಷ್ಟ್ರು ನಕ್ಕರು. ಅವರ ಎಡಗೈ ಜೋಮು ಹಿಡಿದು, ಉಕ್ಕಿನ ತುಂಡನ್ನು ತಂತಿಗಳ ಮೇಲೆ ಸರಿಸಲಾಗದೆ ಕೆಲವು ತಿಂಗಳಾಗಿತ್ತು. ವೇದಿಕೆಯಲ್ಲಿ ನುಡಿಸುವವರಿಲ್ಲದ ವಾದ್ಯವನ್ನು ಮಾರಿಬಿಡಲು ವೃಂದದ ಯಜಮಾನ ಗಿರಾಕಿಯನ್ನು ಹುಡುಕುತ್ತಿದ್ದ. "ಕೂತ್ಕೊಳ್ಳಿ, ನೋಡೋಣ," ಎಂದರು, ಕಳೆದುಕೊಳ್ಳಲು ಇನ್ನೇನೂ ಇಲ್ಲದವರ ಔದಾರ್ಯದಿಂದ.

ಹೊಸಬರೆಲ್ಲ ಎಡವುವಲ್ಲಿ ಅಕ್ಕ ಎಡವಲಿಲ್ಲ. ಬಲಪಾದ ಧ್ವನಿ ಏರಿಳಿಸುವ ಪೆಡಲಿನ ಮೇಲೆ ಅಲುಗದೆ ನಿಂತಿರುವಾಗಲೇ ಬಲಮಂಡಿ ಸ್ವತಂತ್ರವಾಗಿ ಸರಿಯಬೇಕು; ಅದು ಆಕೆಗೆ ಉಸಿರಾಟದಷ್ಟು ಸಹಜ. ಆದರೆ ಆ ವಿದ್ಯೆಯೇ ಮರುಕ್ಷಣದಲ್ಲಿ ಮುಳುವಾಯಿತು. ಹೊಲಿಗೆಯಲ್ಲಿ ಸೂಜಿ ನಿಂತ ಮೇಲೆ ಮಂಡಿ ಆಡಿಸಬೇಕು. ಆಕೆ ಪ್ರತಿಸಲವೂ ತಂತಿಯನ್ನು ಅಂಗೈಯಿಂದ ಮುಚ್ಚಿ, ಮೌನವಾದ ಮೇಲೆಯೇ ಲಿವರು ನೂಕುತ್ತಿದ್ದಳು.

"ಯಾಕೆ ಸಾಯಿಸ್ತೀರಿ ತಾಯೀ ಅದನ್ನ? ಸ್ವರ ಉಸಿರಾಡ್ತಾ ಇರೋವಾಗ್ಲೇ ಎತ್ಕೊಂಡು ಹೋಗ್ಬೇಕು!"

ಇನ್ನು ಎಡಮಂಡಿಯೋ, ಬದುಕಿನುದ್ದಕ್ಕೂ ಬಲಗಡೆಯವನ ದುಡಿಮೆಯಲ್ಲಿ ಉಂಡು ಮಲಗಿದ ಸೋಮಾರಿ ತಮ್ಮ. ಒಳಗೆ ಸರಿ ಎಂದರೆ ಹೊರಗೆ ಸರಿಯುತ್ತಿತ್ತು. ಅಂದಿನಿಂದ ದಿನವೂ ಕಲಿಯಲು ಬರತೊಡಗಿದ ಅಕ್ಕ ಮಾತ್ರ ತಪ್ಪಿದಾಗಲೆಲ್ಲ ಗಹಗಹಿಸಿ ನಕ್ಕು, ಅದೇ ತಪ್ಪನ್ನು ಮತ್ತೆ ಬೇಕೆಂದೇ ನುಡಿಸಿ, ಅದು ಎಲ್ಲಿ ಹುಟ್ಟಿತೆಂದು ಹುಡುಕುತ್ತಿದ್ದಳು. ಅಂಗಡಿಯಲ್ಲಿ ಫೋಮ್ ಕತ್ತರಿಸುತ್ತಿದ್ದ ಗಂಡನಿಗೆ ಮನೆಯಲ್ಲೂ ನೆಮ್ಮದಿಯಿಲ್ಲ.

"ಊಟದ ಹೊತ್ತಲ್ಲಾದ್ರೂ ಕಾಲು ಸುಮ್ನಿಟ್ಕೊಳ್ಳೇ! ಮೇಜು ನಡುಗ್ತಾ ಇದೆ."

"ನಡುಗ್ತಾ ಇಲ್ಲ ರೀ, ಅರ್ಧ ಸ್ವರ ಏರ್ತಾ ಇದೆ!"

ಕೊನೆಗೆ ವಾದ್ಯ ಕೊಳ್ಳುವವನು ಸಿಕ್ಕಿಯೇಬಿಟ್ಟ. ಅಕ್ಕನಿಗೆ ಒಮ್ಮೆ ಅವಕಾಶ ಕೊಡಲೇಬೇಕೆಂದು ಮೇಷ್ಟ್ರು ಹಟ ಹಿಡಿದರು. ಯಜಮಾನ ಗೊಣಗುತ್ತಲೇ ಶನಿವಾರದ ಸಂಜೆಯ ನೃತ್ಯಕ್ಕೆ ಒಂದೇ ಒಂದು ಹಾಡನ್ನು ಬಿಟ್ಟುಕೊಟ್ಟ. ಆಗದಿದ್ದರೆ ಸೋಮವಾರ ವಾದ್ಯ ಪೆಟ್ಟಿಗೆ ಸೇರುವುದೆಂದು ಮಾತಾಯಿತು.

ಆ ಸಂಜೆ ಅಕ್ಕ ವೇದಿಕೆಯ ಬಾಗಿಲನ್ನೂ ಪಕ್ಕಕ್ಕೆ ತಿರುಗಿ ದಾಟಿದಳು. ವಿಳಂಬಗತಿಯ ಹಾಡು, ಗಾಯಕಿ ಸಾಲು ಮುಗಿಸಿ ಬಿಡುವ ತೆರಪುಗಳನ್ನು ಸ್ಟೀಲ್ ಗಿಟಾರು ತುಂಬಬೇಕು. ಮೊದಲ ತೆರಪಿನಲ್ಲಿ ಹಳೆಯ ಅಭ್ಯಾಸ ಗೆದ್ದಿತು: ಅಂಗೈ ತಂತಿಯ ಮೇಲೆ ಬಿತ್ತು, ನಾದ ಕತ್ತರಿಸಿಹೋಗಿ ನೃತ್ಯಶಾಲೆಯ ನಡುವೆ ಗುಂಡಿ ಬಿದ್ದಂತಾಯಿತು. ಕುಣಿಯುತ್ತಿದ್ದ ಜೋಡಿಗಳ ಹೆಜ್ಜೆ ತೊದಲಿತು. ಯಜಮಾನ ಛಾವಣಿ ನೋಡಿದ. ಎರಡನೆಯ ತೆರಪು ಬಂದಾಗ ಅಕ್ಕ ಮೀಟಿ, ಬಲಗೈಯನ್ನು ತಂತಿಯಿಂದ ಪೂರಾ ಮೇಲೆತ್ತಿ ಗಾಳಿಯಲ್ಲಿ ಹಿಡಿದಳು, ಬಿಸಿ ಪಾತ್ರೆ ಮುಟ್ಟಿದವಳಂತೆ. ಎಡಮಂಡಿ ತಡವಾಗಿಯೇ ಹೊರಟಿತು, ಆದರೆ ಈ ಸಲ ಸರಿಯಾದ ದಿಕ್ಕಿಗೆ. ಮೆಲ್ಲಮೆಲ್ಲನೆ ಸರಿದು ಲಿವರಿನ ತುದಿ ಮುಟ್ಟಿತು. ಕೆಳಗೆ ಕಾಯುತ್ತಿದ್ದ ಸ್ವರ ಆ ವಿಳಂಬದಲ್ಲೇ ಮಾಧುರ್ಯವನ್ನು ಹೀರಿ, ಉಳಿದವುಗಳ ನಡುವಿನಿಂದ ಏರಿ, ಸರಿಯಾದ ಎತ್ತರದಲ್ಲಿ ನೆಲೆನಿಂತಿತು. ಜೋಡಿಗಳು ವೇದಿಕೆಯತ್ತ ತಿರುಗಿದವು. ಗೋಡೆಗೊರಗಿದ್ದ ಗಂಡ ನೆಟ್ಟಗಾದ.

"ನೋಡಿದ್ರಾ!" ಎಂದು ಅಕ್ಕ ಕೂಗಿಯೇಬಿಟ್ಟಳು, ಗಾಯಕಿಯ ಮುಂದಿನ ಸಾಲಿನ ಮೇಲೆಯೇ. ಗಾಯಕಿಗೆ ನಗು ತಡೆಯಲಾಗಲಿಲ್ಲ. ಆ ಸಾಲನ್ನು ಅರ್ಧ ನಗುತ್ತ, ಅರ್ಧ ಹಾಡುತ್ತ ಮುಗಿಸಿದಳು. ಮೇಷ್ಟ್ರು ಕರವಸ್ತ್ರಕ್ಕಾಗಿ ಜೇಬು ತಡಕುತ್ತಿದ್ದರು.

ವಾದ್ಯ ಮಾರಾಟವಾಗಲಿಲ್ಲ. "ಬಾಯಿ ಮುಚ್ಕೊಂಡು ನುಡಿಸೋದಾದ್ರೆ ಪ್ರತಿ ಶನಿವಾರ ಬನ್ನಿ," ಎಂದ ಯಜಮಾನ. ಅಕ್ಕ ಒಪ್ಪಿದಳು, ಆ ಮಾತನ್ನು ಮಾತ್ರ ಆಕೆ ಒಂದು ಶನಿವಾರವೂ ಪೂರ್ತಿಯಾಗಿ ಉಳಿಸಿಕೊಂಡದ್ದಿಲ್ಲ.

ಇಂಥವರು ಹೊಸತನ್ನು ಕಲಿಯಲು ಕುಳಿತಾಗ ವಯಸ್ಸು, ಘನತೆ ಎಲ್ಲವನ್ನೂ ಚಪ್ಪಲಿಯೊಡನೆ ಹೊರಗೇ ಬಿಟ್ಟು ಬರುತ್ತಾರೆ. ಎಲ್ಲರೆದುರು ತಪ್ಪುತ್ತಾರೆ, ಒಲಿದದ್ದಕ್ಕೆ ಎಲ್ಲರೆದುರೇ ಹಿಗ್ಗುತ್ತಾರೆ. ಅವರ ಪಕ್ಕದಲ್ಲಿ ಸ್ವಲ್ಪ ಹೊತ್ತು ಕುಳಿತವರಿಗೆ, ತಾವೂ ಎಂದೋ ಬಯಸಿ, ನಾಚಿ, ಕೈಬಿಟ್ಟ ವಿದ್ಯೆಯೊಂದರ ನೆನಪಾಗಿ ಬೆರಳುಗಳು ಸುಮ್ಮನಿರಲಾರವು.