ಸಿದ್ದರಾಮುವಿನ ಎಡೆಗೆ ಸೀಗಡಿ

ಸೀಗಡಿ ಕರಿಯುವುದಕ್ಕೆ ಕಡಲೆಹಿಟ್ಟು ಬೇಡ ಅಂತ ಹೊನ್ನಯ್ಯ ಹೇಳಿದಾಗ ನಮ್ಮತ್ತೆ ಬೆಟ್ಟಮ್ಮ ಒಪ್ಪಲಿಲ್ಲ. ಕಡಲೆಹಿಟ್ಟಿಲ್ಲದೆ ಮೇಲಿನ ಹಿಟ್ಟು ನಿಲ್ಲುವುದು ಹೇಗೆ, ಎಲ್ಲ ಕಳಚಿ ಬಾಣಲೆಯ ತಳ ಸೇರುತ್ತದೆ, ಎಣ್ಣೆ ದಂಡ ಅಂತ ಹಟ ಹಿಡಿದರು. ಯುದ್ಧ ಮುಗಿದು ವರ್ಷ ಕಳೆದಿದ್ದರೂ ಕಿರುಗಾವಲಿನ ಅಂಗಡಿಯಲ್ಲಿ ಎಣ್ಣೆ ಸಿಕ್ಕರೆ ಪುಣ್ಯ ಅನ್ನುವ ಕಾಲ ಅದು. ಹೊನ್ನಯ್ಯ ಮಾತ್ರ ಜಗ್ಗಲಿಲ್ಲ. ಅಕ್ಕಿಹಿಟ್ಟು, ಆರಾರೂಟು, ಮೊಟ್ಟೆಯ ಬಿಳಿ, ತಣ್ಣೀರು, ಇಷ್ಟೇ ಅಂದ. ಆರಾರೂಟು ನಮ್ಮಲ್ಲಿ ಭೇದಿಯಾದ ಮಕ್ಕಳಿಗೆ ಗಂಜಿ ಕಾಯಿಸಿ ಕುಡಿಸುವ ಪುಡಿ. ಅದನ್ನು ತಂದು ಸೀಗಡಿಗೆ ಮೆತ್ತುವುದಂತೆ. ಬೇರೆ ದಿನವಾಗಿದ್ದರೆ ನನಗೆ ನಗು ಬರುತ್ತಿತ್ತೇನೋ. ಅವತ್ತು ಬರಲಿಲ್ಲ. ಅಳುವೂ ಬಂದಿರಲಿಲ್ಲ, ಊರಿನವರಿಗೆಲ್ಲ ನನ್ನ ಮೇಲಿದ್ದ ದೂರು ಅದೇ.

ಹೊನ್ನಯ್ಯ ನಿಡಘಟ್ಟದವನು. ನಮ್ಮವರೂ ಅವನೂ ಒಂದೇ ದಂಡಿನಲ್ಲಿ ಸಿಂಗಪುರಕ್ಕೆ ಹೋದವರು. ನಮ್ಮವರು ಅಂದರೆ ನನ್ನ ಗಂಡ. ಗಂಡನ ಹೆಸರು ನನ್ನ ಬಾಯಲ್ಲಿ ಬರಬಾರದು, ಅತ್ತೆ ಕರೆಯುತ್ತಿದ್ದದ್ದು ಸಿದ್ದರಾಮು ಅಂತ. ಸಿಂಗಪುರ ಜಪಾನಿನವರ ಕೈಗೆ ಹೋದ ಮೇಲೆ ನಮಗೆ ಬಂದದ್ದು ಒಂದೇ ಸುದ್ದಿ, ಪತ್ತೆಯಿಲ್ಲ ಅಂತ. ಹೊನ್ನಯ್ಯ ಮಾತ್ರ ಮೂಳೆಚಕ್ಕಳವಾಗಿ ತಿರುಗಿ ಬಂದ. ಮೈಗೆ ಒಂದಿಷ್ಟು ಮಾಂಸ ಹತ್ತಿದ ಮೇಲೆ, ಪಿತೃಪಕ್ಷ ಶುರುವಾದಾಗ, ಬಸ್ಸು ಹಿಡಿದು ನಮ್ಮ ಮನೆ ಹುಡುಕಿಕೊಂಡು ಬಂದ. ಜಗಲಿಯ ಮೇಲೆ ಕೂತು, ನೆಲ ನೋಡುತ್ತಾ, ಎಲ್ಲ ಹೇಳಿದ.

ಅವರನ್ನೆಲ್ಲ ಹಡಗಿಗೆ ತುಂಬಿ ಯಾವುದೋ ದ್ವೀಪಕ್ಕೆ ಸಾಗಿಸಿದರಂತೆ. ಅಲ್ಲಿ ಮಣ್ಣು ಹೊರುವ ಕೆಲಸ, ಹೊಟ್ಟೆಗೆ ಹುಳುಬಿದ್ದ ಅಕ್ಕಿಯ ತಿಳಿ. ಹಸಿದವರು ದೇವರ ಹೆಸರು ಹೇಳುತ್ತಾರೆ ಅಂತ ನಾನು ತಿಳಿದಿದ್ದೆ. ನಮ್ಮವರು ಸೀಗಡಿಯ ಹೆಸರು ಹೇಳುತ್ತಿದ್ದರಂತೆ! ಸಿಂಗಪುರದಲ್ಲಿ ದಂಡು ಬೀಡುಬಿಟ್ಟಿದ್ದಾಗ ಒಬ್ಬ ಚೀನಿಯವನ ಹೋಟೆಲಿನಲ್ಲಿ ಹಿಟ್ಟಿನಲ್ಲಿ ಅದ್ದಿ ಕರಿದ ಸೀಗಡಿ ಸಿಗುತ್ತಿತ್ತಂತೆ. ಇವರು ದಿನಾ ಹೋಗಿ ತಿಂದು, ಅಡುಗೆಮನೆಗೂ ತಲೆ ಹಾಕಿ, ಆ ಚೀನಿಯವನ ಹತ್ತಿರ ಕೈಸನ್ನೆಯಲ್ಲೇ ಕೇಳಿ ಕಲಿತರಂತೆ. ದ್ವೀಪದಲ್ಲಿ ಹಸಿವು ತಡೆಯಲಾಗದಾಗ ಅದನ್ನು ಮಾಡುವ ಬಗೆಯನ್ನು ಮೊದಲಿಂದ ಕಡೆಯವರೆಗೆ ಹೇಳುವುದು, ಪಕ್ಕದಲ್ಲಿ ಮಲಗಿದವರು ಕೇಳುವುದು. ಊರಿಗೆ ಹೋದ ಮೇಲೆ ಅವ್ವನಿಗೂ ಮನೆಯವಳಿಗೂ ಮಾಡಿ ಹಾಕುತ್ತೀನಿ ಅನ್ನುತ್ತಿದ್ದರಂತೆ. ಹೊನ್ನಯ್ಯನಿಗೆ ಅದು ಬಾಯಿಪಾಠವಾಗಿತ್ತು.

ಎಲ್ಲ ಕೇಳಿ ಮುಗಿದ ಮೇಲೆ ನಾನು ಒಂದೇ ಮಾತು ಕೇಳಿದೆ. "ಹೆಣ ನೋಡಿದ್ಯಾ ಅಣ್ಣ?"

"ಇಲ್ಲ ಕಣಕ್ಕ. ಜ್ವರ ಬಂದು ಎಚ್ಚರ ತಪ್ಪಿದ್ದ. ಕಾಯ್ಲೆ ಬಿದ್ದೋರ ಗುಡಿಸ್ಲಿಗೆ ಎತ್ಕೊಂಡೋದ್ರು. ಅಲ್ಲಿಗೋದೋರು ಯಾರೂ ತಿರ್ಗ ಬರ್ಲಿಲ್ಲ."

"ನೋಡಿಲ್ಲ ತಾನೆ?"

"ನೋಡಿಲ್ಲ."

ನನಗೆ ಅಷ್ಟು ಸಾಕಾಯಿತು. ನೋಡಿಲ್ಲ ಅಂದ ಮೇಲೆ ಸತ್ತಿಲ್ಲ. ನಾನು ಎದ್ದು ಹೋಗಿ ಕೊಟ್ಟಿಗೆ ಗುಡಿಸಿದೆ. ಇವಳೇನು ಹೆಂಗಸೋ ಮರದ ಕೊರಡೋ ಅಂತ ಪಕ್ಕದ ಮನೆಯವರು ಅಂದದ್ದು ನನ್ನ ಕಿವಿಗೂ ಬಿತ್ತು. ಅಂದುಕೊಳ್ಳಲಿ. ನಿಜ ಹೇಳಬೇಕೆಂದರೆ ನಮ್ಮವರು ದಂಡಿಗೆ ಹೋದಾಗಿನಿಂದ ನನಗೆ ಏನೂ ಅನ್ನಿಸುತ್ತಲೇ ಇರಲಿಲ್ಲ. ಉಂಡರೆ ಉಪ್ಪು ಗೊತ್ತಾಗುತ್ತಿರಲಿಲ್ಲ, ಕೈ ಸುಟ್ಟರೆ ಆಮೇಲೆ ಬೊಬ್ಬೆ ನೋಡಿ ತಿಳಿಯುತ್ತಿತ್ತು.

ಅತ್ತೆಯ ಕಥೆ ಬೇರೆ. ಮಗ ಸತ್ತ ಅನ್ನುವುದನ್ನು ಅವರು ಒಳಗೊಳಗೇ ಎಂದೋ ಒಪ್ಪಿಬಿಟ್ಟಿದ್ದರು. ಹಸಿದು ಸತ್ತ ಅನ್ನುವುದನ್ನು ಒಪ್ಪಲಾಗಲಿಲ್ಲ. ಅವತ್ತಿನಿಂದ ಮುದ್ದೆ ಮುರಿಯುವುದು, ಸಾರಿನಲ್ಲಿ ಅದ್ದುವುದು, ಹಾಗೇ ತಟ್ಟೆಯಲ್ಲಿ ಬಿಟ್ಟು ಏಳುವುದು. ಕೊರಳ ಮೂಳೆ ಎದ್ದು ಕಾಣತೊಡಗಿತು. ಬಲವಂತ ಮಾಡಿದರೆ, ನನ್ನ ಮಗ ಅಕ್ಕಿ ತಿಳಿ ಕುಡಿದು ಸತ್ತ, ನನಗೆ ಮುದ್ದೆ ಇಳಿಯುತ್ತದಾ ಅನ್ನುತ್ತಿದ್ದರು. ಕಡೆಗೆ ಒಂದು ಸಾಯಂಕಾಲ, ಈ ಸಲ ಅಮಾವಾಸ್ಯೆಗೆ ಸಿದ್ದರಾಮುವಿಗೂ ಎಡೆ ಇಡಬೇಕು ಅಂತ ತೀರ್ಮಾನ ಮಾಡಿದರು.

ನಮ್ಮ ಕಡೆ ಪಿತೃಪಕ್ಷದ ಅಮಾವಾಸ್ಯೆಯ ದಿನ ಸತ್ತವರಿಗೆ ಅವರವರಿಗೆ ಇಷ್ಟವಾದದ್ದನ್ನೇ ಮಾಡಿ ಎಲೆಗೆ ಬಡಿಸುತ್ತೇವೆ. ಕೋಳಿ ತಿನ್ನುತ್ತಿದ್ದವರಿಗೆ ಕೋಳಿ, ಸಾರಾಯಿ ಕುಡಿಯುತ್ತಿದ್ದವರಿಗೆ ಸಾರಾಯಿ, ಬೀಡಿ ಸೇದುತ್ತಿದ್ದವರಿಗೆ ಬೀಡಿ. ಅದೇ ಎಡೆ. ಧೂಪ ಹಾಕಿ, ಬಾಗಿಲು ಮುಂದಕ್ಕೆ ಎಳೆದು, ಹಿರಿಯರು ಬಂದು ಉಣ್ಣಲಿ ಅಂತ ಎಲ್ಲರೂ ಹೊರಗೆ ಕೂರುತ್ತೇವೆ. ಮಗನಿಗೆ ಸಾಯುವಾಗ ಯಾವುದರ ಮೇಲೆ ಆಸೆಯಿತ್ತೋ ಅದನ್ನೇ ಇಡಬೇಕು, ಸೀಗಡಿಯನ್ನೇ ಇಡಬೇಕು ಅಂತ ಅತ್ತೆ ಪಟ್ಟು ಹಿಡಿದರು.

ಎಡೆ ಸತ್ತವರಿಗೆ, ಬದುಕಿರುವವರಿಗೆ ಇಡಬಾರದು ಅಂತ ನಾನೂ ಪಟ್ಟು ಹಿಡಿದೆ. ಎಡೆ ಇಟ್ಟರೆ ಸತ್ತರು ಅಂತ ನಾವೇ ಒಪ್ಪಿದ ಹಾಗೆ. ಒಪ್ಪಿದರೆ ನನ್ನ ಕೈಬಳೆ ಹೋಗುತ್ತದೆ. ಇವಳಿಗೆ ಬಳೆಯ ಆಸೆ ಅಂತ ಜನ ಆಡಿಕೊಂಡರು. ಬಳೆ ಕಟ್ಟಿಕೊಂಡು ನನಗೇನಾಗಬೇಕು? ಅವು ಕೈಯಲ್ಲಿರುವವರೆಗೆ ಅವರು ಎಲ್ಲೋ ಒಂದು ಕಡೆ ಇದ್ದಾರೆ, ಅಷ್ಟೇ ನನ್ನ ಲೆಕ್ಕ.

ಅತ್ತೆ ನನ್ನ ಎದುರಿಗೆ ಬಂದು ಕೂತರು. ಜಗಳ ಮಾಡಲಿಲ್ಲ.

"ಬಳೆ ಇಚಾರ ನಾನೆತ್ತಕಿಲ್ಲ, ನೀನಿಟ್ಕೊ. ನಿಂಗೆ ಗಂಡ ಬದುಕಿರ್ಬೇಕು. ನಂಗೆ ನನ್ ಮಗ ಒಂದೊತ್ತು ಉಣ್ಬೇಕು ಕಣವ್ವ. ಅಷ್ಟೇಯ."

ನನಗೆ ಅಲ್ಲೇ ಒಂದು ದಾರಿ ಹೊಳೆಯಿತು. ಎಡೆಗೆ ಇಡುವುದನ್ನು ಮೊದಲು ಯಾರೂ ಬಾಯಿಗೆ ಹಾಕಬಾರದು. ಎಂಜಲಾದದ್ದನ್ನು ಹಿರಿಯರು ಮುಟ್ಟುವುದಿಲ್ಲ, ಆ ಎಡೆ ಎಡೆಯೇ ಅಲ್ಲ. ಕರಿಯುವಾಗ ಒಂದು ಸೀಗಡಿ ಬಾಯಿಗೆ ಹಾಕಿಕೊಂಡರೆ ಮುಗಿಯಿತು. ಅತ್ತೆಗೆ ಎಡೆ ಇಟ್ಟ ಸಮಾಧಾನ, ನನಗೆ ಇಡಲಿಲ್ಲ ಅನ್ನುವ ಸಮಾಧಾನ.

ಅತ್ತೆ ಹೇಳಿಕಳಿಸಿದ್ದಕ್ಕೆ ಅಮಾವಾಸ್ಯೆಯ ದಿನ ಹೊನ್ನಯ್ಯ ಬೆಳಿಗ್ಗೆಯೇ ಮಳವಳ್ಳಿಗೆ ಹೋಗಿ, ಬೆಸ್ತರು ಹೊಳೆಯಲ್ಲಿ ಹಿಡಿದ ದಪ್ಪ ಸೀಗಡಿಯನ್ನೂ ಆರಾರೂಟನ್ನೂ ತಂದ. ನಾನು ಸಿಪ್ಪೆ ಸುಲಿದೆ. ಬಾಲ ಕೀಳಬಾರದು ಅಂದ, ಬಿಟ್ಟೆ. ಬೆನ್ನು ಸೀಳಿ ಕಪ್ಪು ನರ ತೆಗೆದು, ಉಪ್ಪು, ಮೆಣಸಿನ ಪುಡಿ, ಶುಂಠಿ ರಸ ಸವರಿಟ್ಟೆ. ಹಿಟ್ಟಿಗೆ ಮಡಕೆಯ ತಣ್ಣೀರೇ ಬೇಕಂತೆ. ಅದನ್ನು ತುಂಬ ಕಲಸಿದರೆ ನಾರಾಗುತ್ತದಂತೆ, ಗಂಟಿದ್ದರೆ ಇರಲಿ ಅಂದ. ಬಾಲ ಹಿಡಿದು ಹಿಟ್ಟಿನಲ್ಲಿ ಅದ್ದಿ ಕಾದ ಎಣ್ಣೆಗೆ ಬಿಟ್ಟರೆ ಹಿಟ್ಟು ಕಳಚಲಿಲ್ಲ, ಉಬ್ಬಿಕೊಂಡು ಮೇಲೆ ಬಂತು. ಅತ್ತೆ ಬಾಣಲೆಗೆ ಬಗ್ಗಿ ನೋಡಿ, ಕಡಲೆಹಿಟ್ಟಿನ ಡಬ್ಬ ಅತ್ತ ಸರಿಸಿದರು. ಬೆಳ್ಳಗಿರುವಾಗಲೇ ತೆಗೆದು ಆರಿಸಬೇಕು, ಎಡೆ ಹಾಕುವ ಹೊತ್ತಿಗೆ ಇನ್ನೊಂದು ಸಲ ಕರಿಯಬೇಕು, ಆಗಲೇ ಗರಿಗರಿ ಅಂತ ಹೊನ್ನಯ್ಯ ಹೇಳಿದ. ಬೆಲ್ಲ, ಹುಣಸೆಹುಳಿ, ಒಣಮೆಣಸಿನಕಾಯಿ ಕುದಿಸಿ ನಂಚಿಕೊಳ್ಳಲು ಒಂದು ಗೊಜ್ಜನ್ನೂ ಮಾಡಿಸಿದ.

ಎಲ್ಲ ಮಾಡಿಸಿ ಮುಗಿಸಿದವನು ಟವಲು ಮುಖಕ್ಕೆ ಒತ್ತಿಕೊಂಡ. ಎದ್ದು ಹೊರಗೆ ಹೋದ. ನಾನು ಕರಿಯುತ್ತಿದ್ದೆ.

ನನ್ನ ದಾರಿಗೆ ಅಡ್ಡ ಕೂತದ್ದು ಅತ್ತೆ. ವಾಸನೆ ಕೂಡ ತಾವು ಮೊದಲು ತೆಗೆದುಕೊಳ್ಳಬಾರದು ಅಂತ ಮೂಗು ಬಾಯಿಗೆ ಸೆರಗು ಸುತ್ತಿಕೊಂಡು ಒಲೆಯ ಪಕ್ಕ ಕೂತವರು ಕಡೆಯವರೆಗೂ ಕದಲಲಿಲ್ಲ. ಒಂದು ಚೂರು ಬಾಯಿಗೆ ಹಾಕಲು ಆಗಲಿಲ್ಲ. ನಡುಮನೆಯಲ್ಲಿ ಎಲೆಗಳನ್ನು ಸಾಲಾಗಿ ಹಾಕಿದರು. ನಮ್ಮ ಮಾವನಿಗೆ, ಅವರ ತಂದೆತಾಯಿಗೆ ಕೋಳಿ ಸಾರು, ಕಡುಬು. ಕಡೆಯದು ಹೊಸ ಎಲೆ, ಅದರ ಮುಂದೆ ನಮ್ಮವರ ಮಡಿಸಿದ ಅಂಗಿ, ಎಲೆಯ ತುಂಬ ಸೀಗಡಿ. ಅತ್ತೆ ಧೂಪ ಹಾಕಿ, ಬಾರಪ್ಪ, ಬಂದು ಉಣ್ಣಪ್ಪ ಅಂತ ಕರೆದು ಬಾಗಿಲು ಎಳೆದುಕೊಂಡರು.

ಎಡೆಗೆಂದು ಬಂದಿದ್ದ ನೆಂಟರೂ ನಾವೂ ಎಲ್ಲರೂ ಜಗಲಿಯಲ್ಲಿ ಕೂತೆವು. ಒಲೆಯಲ್ಲಿ ಬೆಂಕಿ ಬಿಟ್ಟು ಬಂದಿದ್ದೇನೆ ಅಂತ ಹೇಳಿ ನಾನು ಎದ್ದೆ, ಮನೆ ಸುತ್ತಿ ಹಿತ್ತಿಲ ಬಾಗಿಲಿಂದ ಒಳಗೆ ಹೋದೆ.

ಒಂದೇ ಒಂದು ತಿನ್ನಬೇಕು ಅಂತ ಹೋದವಳು ನಾನು. ಎಲೆಯ ಮುಂದೆ ಕುಕ್ಕರುಗಾಲಲ್ಲಿ ಕೂತು, ಬಾಲ ಹಿಡಿದು, ಗೊಜ್ಜಿನಲ್ಲಿ ಅದ್ದಿ ಕಚ್ಚಿದೆ. ಕರುಂ ಅಂತು. ಒಳಗೆ ಮೆತ್ತಗೆ, ಬಿಸಿಬಿಸಿ. ಉಪ್ಪು ಗೊತ್ತಾಯಿತು. ಹುಳಿ ಗೊತ್ತಾಯಿತು. ಖಾರಕ್ಕೆ ಕಿವಿ ಬಿಸಿಯಾಯಿತು. ಇಷ್ಟು ವರ್ಷ ಎಲ್ಲಿ ಸತ್ತಿತ್ತೋ ಈ ನಾಲಿಗೆ! ನನಗೆ ಬಂದದ್ದು ದುಃಖವಲ್ಲ, ಕೆಟ್ಟ ಕೋಪ. ಇಷ್ಟು ರುಚಿಯಾದದ್ದನ್ನು ನನ್ನನ್ನು ಬಿಟ್ಟು ತಿಂದಿರಲ್ಲ, ಮಾಡಿ ಹಾಕುತ್ತೀನಿ ಅಂತ ಕಂಡವರ ಹತ್ತಿರ ಹೇಳಿ ಬಂದೇ ಇಲ್ಲವಲ್ಲ ಅಂತ ಇನ್ನೊಂದು ತೆಗೆದುಕೊಂಡೆ. ಮತ್ತೊಂದು. ಕೈ ತಡೆಯುತ್ತಿರಲಿಲ್ಲ. ಎಚ್ಚರ ಬಂದಾಗ ಎಲೆಯಲ್ಲಿ ಬಾಲಗಳಷ್ಟೇ ಉಳಿದಿದ್ದವು.

ಹಿತ್ತಿಲಲ್ಲಿ ಕೈಬಾಯಿ ತೊಳೆದು ಬಂದು ಜಗಲಿಯಲ್ಲಿ ಕೂತೆ. ಎಡೆ ಕೆಟ್ಟಿತು, ಸರಿಹೋಯಿತು ಅಂದುಕೊಂಡೆ. ಅತ್ತೆ ಏನನ್ನುತ್ತಾರೆ ಅನ್ನುವ ಯೋಚನೆಯೇ ಬರಲಿಲ್ಲ.

ಅತ್ತೆ ಕೆಮ್ಮಿ, ಸದ್ದು ಮಾಡಿ, ಬಾಗಿಲು ತೆರೆದರು. ಹೊಸಿಲ ಮೇಲೇ ನಿಂತುಬಿಟ್ಟರು. ಬೆಕ್ಕು ತಿಂದಿರಬೇಕು ಅಂತ ಯಾರೋ ಹಿಂದಿನಿಂದ ಅಂದರು. ನಾನೂ ಅದನ್ನೇ ಹೇಳಬಹುದಿತ್ತು. ಅತ್ತೆ ಉಳಿದ ಎಲೆಗಳನ್ನು ತೋರಿಸಿದರು. ಕೋಳಿ ತುಂಡು ಒಂದೂ ಕದಲಿರಲಿಲ್ಲ. ಕೋಳಿ ಬಿಟ್ಟು ಸೀಗಡಿ ತಿನ್ನುವ ಬೆಕ್ಕು ಯಾವ ಊರಲ್ಲಿದೆ?

"ಬಂದಿದ್ದ ಕಣವ್ವ," ಅಂದರು ಅತ್ತೆ, ನನ್ನ ಕೈ ಹಿಡಿದುಕೊಂಡು. "ನನ್ ಮಗ ಬಂದಿದ್ದ. ಒಟ್ಟೆ ತುಂಬ ಉಂಡವ್ನೆ."

ಹೊನ್ನಯ್ಯ ಗೋಡೆಗೆ ಒರಗಿ ಗೊಳೋ ಅಂತ ಅತ್ತ. ಅತ್ತೆ ಅಳಲಿಲ್ಲ. ಅಡುಗೆಮನೆಗೆ ಹೋಗಿ ಮಣೆ ಹಾಕಿಕೊಂಡು ಕೂತು, ಬಡಿಸು, ಹಸಿವು ಅಂದರು. ನಾನು ಮುದ್ದೆ ಇಟ್ಟು ಸಾರು ಬಿಟ್ಟೆ. ಮುರಿದು ಮುರಿದು ನುಂಗಿದರು. ಇನ್ನರ್ಧ ಹಾಕು ಅಂದರು, ಹಾಕಿದೆ. ಅದೂ ಇಳಿಯಿತು. ಮುಖದ ಮೇಲೆ ಬೆವರು ಬಂತು.

ತಿಂದದ್ದು ನಾನು ಅನ್ನಲು ಬಾಯಿ ತೆರೆದೆ. ಅಂದರೆ ಅವರ ಮಗ ಮತ್ತೆ ಹಸಿದವನಾಗುತ್ತಾನೆ, ಆ ತುತ್ತು ಅಲ್ಲೇ ನಿಲ್ಲುತ್ತದೆ. ಅನ್ನದಿದ್ದರೆ ನಮ್ಮವರು ಸತ್ತ ಹಾಗೆ. ಸತ್ತವರಲ್ಲದೆ ಎಡೆ ಉಣ್ಣಲು ಯಾರು ಬರುತ್ತಾರೆ? ಅತ್ತೆ ತಟ್ಟೆಯನ್ನು ಬೆರಳಿನಿಂದ ಬಳಿಯುತ್ತಿದ್ದರು. ನಾನು ಇನ್ನೊಂದು ಸೌಟು ಸಾರು ಬಿಟ್ಟು ಹಿತ್ತಿಲಿಗೆ ಹೋದೆ. ಬಟ್ಟೆ ಒಗೆಯುವ ಕಲ್ಲಿನ ಮೇಲೆ ಮೊದಲು ಎಡಗೈ ಕುಟ್ಟಿದೆ, ಆಮೇಲೆ ಬಲಗೈ. ಒಂದು ಬಳೆಚೂರು ಮಣಿಕಟ್ಟಿಗೆ ಚುಚ್ಚಿತು. ನೋವಾಯಿತು.

"ಅದೇನವ್ವ ಸದ್ದು?" ಅಂತ ಅತ್ತೆ ಒಳಗಿನಿಂದ ಕೇಳಿದರು.

"ಏನಿಲ್ಲ ಅತ್ತೆ," ಅಂದೆ. "ನೀವು ಉಣ್ಣಿ."